ಹನ್ನೊಂದನೆಯ ದಿನದ ಗಾಜು

ಕರಣೆ ಮಾವ ಯಾರ ಮನೆಗೆ ಹೋದರೂ ಮೊದಲು ಕೂರುತ್ತಿರಲಿಲ್ಲ. ಗೋಡೆಯ ಹತ್ತಿರ ಹೋಗಿ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆ ವಾಲಿಸಿ ಕೇಳುತ್ತಿದ್ದರು. ಗೋಡೆ ಗಟ್ಟಿಯಿದ್ದರೆ ಕುರ್ಚಿ ಎಳೆದುಕೊಳ್ಳುವರು. ಗಾರೆ ಒಳಗೊಳಗೇ ಬಿಟ್ಟುಕೊಂಡು ಪೊಳ್ಳಾಗಿದ್ದರೆ ಮನೆಯಾಕೆಯ ಕಡೆ ತಿರುಗಿ, "ನಿಮ್ಮ ಗೋಡೆಗೆ ಊಟ ಹಾಕಿಲ್ವೇನಮ್ಮ? ಹೊಟ್ಟೆ ಖಾಲಿ ಅಂತಿದೆ" ಅನ್ನುವರು. ಮನೆಯವರು ನಗುವರು. ಮಾರನೆಯ ವಾರ ಅದೇ ಗೋಡೆಯ ಮುಂದೆ ಅವರು ಗಾರೆಯ ಬಾಂಡಲಿ ಇಟ್ಟುಕೊಂಡು ನಿಂತಿರುತ್ತಿದ್ದರು.

ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಕೈ. ಬಲಗೈಯ ಹೆಬ್ಬೆರಳು ಗಾರೆ ಮೆತ್ತುವ ಕರಣೆಯ ಹಿಡಿಗೆ ಒಗ್ಗಿ ಒಂದು ಪಕ್ಕಕ್ಕೆ ಬಾಗಿಹೋಗಿತ್ತು. ಊಟಕ್ಕೆ ಕೂತಾಗ ಚಮಚವನ್ನೂ ಗಾರೆ ಎಳೆಯುವಂತೆಯೇ ಹಿಡಿಯುತ್ತಿದ್ದರು. ಸುಣ್ಣದಲ್ಲಿ ನೆಂದು ಒಡೆದ ಅವರ ಬೆರಳತುದಿಗಳಿಗೆ ಹೆಂಡತಿ ದಿನವೂ ಸಂಜೆ ಎಣ್ಣೆ ಹಚ್ಚುತ್ತಿದ್ದರು. ನಾನು ಬರೆಯುತ್ತಿರುವುದರಲ್ಲಿ ಹೆಚ್ಚಿನದು ಆಕೆಯೇ ನನಗೆ ಹೇಳಿದ್ದು. ಎಣ್ಣೆ ಹಚ್ಚುವಾಗ ಗಂಡ ಮಾತಾಡುತ್ತಿದ್ದರಂತೆ. ಮಾತಾಡುವುದನ್ನು ನಿಲ್ಲಿಸಿದ ದಿನ ಯಾವುದೆಂದು ಆಕೆಗೆ ಸರಿಯಾಗಿ ನೆನಪಿದೆ.

ನಮ್ಮ ಕ್ರೈಸ್ತ ಸಭೆಯ ಪ್ರಾರ್ಥನಾಲಯ ಉದ್ದನೆಯ ಒಂದೇ ಕೋಣೆ. ಮುಂದುಗಡೆ ಪಾದ್ರಿ ಅಯ್ಯನವರು ನಿಂತು ಪ್ರಸಂಗ ಮಾಡುವ ವೇದಿಕೆ. ಒಂದು ಪಕ್ಕಕ್ಕೆ ರಸ್ತೆ, ಹಿಂಬದಿಗೆ ಓಣಿ. ಹಿಂಬದಿಯ ಗೋಡೆಗೆ ಒತ್ತಿಕೊಂಡು ಹೆಂಗಸರ, ಮಕ್ಕಳ ಬೆಂಚುಗಳು. ಆ ಓಣಿಯಲ್ಲಿ ಹೊಸ ಚರಂಡಿ ತೋಡಿದ ಮೇಲೆ ಗೋಡೆಯಲ್ಲಿ ಒಂದು ಬಿರುಕು ಕಾಣಿಸಿತು. ಕಿಟಕಿಯ ಮೂಲೆಯಿಂದ ಹೊರಟು ಓರೆಯಾಗಿ ನೆಲದವರೆಗೆ ಇಳಿದಿತ್ತು. ಸಭೆಗೆ ಐವತ್ತು ವರ್ಷ ತುಂಬುವ ಆರಾಧನೆಗೆ ಇನ್ನು ಆರು ವಾರವಿತ್ತು. ಹಿರಿಯರಲ್ಲಿ ದೊಡ್ಡವರಾದ ಗಡಿಯಾರದಂಗಡಿಯ ಯಜಮಾನರು ಕರಣೆ ಮಾವನನ್ನು ಕರೆಸಿದರು.

"ಗಾರೆ ಮೆತ್ತಿ ಸುಣ್ಣ ಹೊಡೆದುಬಿಡು. ಎಷ್ಟು ದಿನ ಬೇಕು?"

"ಮೆತ್ತೋಕೆ ನಾಲ್ಕು ದಿನ ಸಾಕು. ಅದಕ್ಕೆ ಮೊದಲು ಒಂದು ತಿಂಗಳು ಗಾಜು ಇಡಬೇಕು."

ಗಾಜು ಇಡುವುದೆಂದರೆ ಇಷ್ಟೇ. ಬೆರಳಗಲದ ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಯನ್ನು ಗಾರೆಯಿಂದ ಗೋಡೆಗೆ ಹಿಡಿಸುತ್ತಾರೆ. ಗೋಡೆ ನಿಂತಲ್ಲೇ ನಿಂತಿದ್ದರೆ ಗಾಜು ಹಾಗೇ ಉಳಿಯುತ್ತದೆ, ಹಳೆಯ ಬಿರುಕೆಂದು ಮೆತ್ತಿಬಿಡಬಹುದು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಡೆದರೆ ಮೆತ್ತುವ ಮಾತಿಲ್ಲ. ಪಾಯದವರೆಗೆ ಅಗೆದು ನೋಡಲೇಬೇಕು. ಅದಕ್ಕೆ ತೆಳು ಗಾಜೇ ಆಗಬೇಕು. ಕರಣೆ ಮಾವ ಹಳೆಯ ಫೋಟೋ ಚೌಕಟ್ಟಿನ ಗಾಜನ್ನು ಕತ್ತರಿಸಿ ಮೂರು ಪಟ್ಟಿ ಮಾಡಿದರು. ಮೇಲೊಂದು, ನಡುವೆ ಒಂದು, ನೆಲದ ಹತ್ತಿರ ಒಂದು. ಪ್ರತಿಯೊಂದರ ಪಕ್ಕ ಮೊಳೆಯ ಮೊನೆಯಿಂದ ತಾರೀಖು ಗೀಚಿದರು.

ಪ್ರತಿ ಶನಿವಾರ ಬೆಂಚು ಒರೆಸಲು ಬರುತ್ತಿದ್ದ ಹೆಂಗಸೊಬ್ಬಳಿದ್ದಳು. ಎಲ್ಲರ ಬಾಯಲ್ಲೂ ಬೆಂಚಕ್ಕ. ಗಂಡ ದರ್ಜಿ, ಇಬ್ಬರೂ ಬೀದಿಯ ಕೊನೆಯ ಒಂಟಿ ಕೋಣೆಯಲ್ಲಿದ್ದರು. ಮಕ್ಕಳಿರಲಿಲ್ಲ. ಸಭೆಯ ಮಕ್ಕಳೆಲ್ಲ ಯಾವ ಬೆಂಚಿನ ಅಡಿಯಲ್ಲಿ ಏನು ಅಂಟಿಸಿದ್ದಾರೆಂದು ಅವಳಿಗೆ ಗೊತ್ತಿತ್ತು. ಅವಳು ಆ ಮೂರು ಗಾಜನ್ನು ನೋಡಿ, ಒರೆಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ನಿಂತಳು.

"ಏನು ಮಾವ, ಗೋಡೆಗೆ ಕನ್ನಡಕ ಹಾಕಿಬಿಟ್ಟಿದೀಯ?"

"ವಯಸ್ಸಾಯ್ತಲ್ಲ ಅದಕ್ಕೂ. ಕಣ್ಣು ಮಂದ."

"ಹಾಗಾದ್ರೆ ಅಯ್ಯನವರ ಪ್ರಸಂಗಕ್ಕೆ ಕಿವಿಗೂ ಏನಾದ್ರೂ ಹಾಕು. ಪಾಪ, ಇಷ್ಟು ವರ್ಷ ಒಬ್ಬೊಬ್ಬರ ನಿದ್ದೆ ನೋಡ್ತಾ ನಿಂತಿದೆ."

"ನಿನ್ನ ಗೊರಕೆ ಕೇಳಿಯೇ ಬಿರುಕು ಬಿಟ್ಟಿದ್ದು."

"ನನ್ನ ಗೊರಕೆಗೆ ಬೀಳೋ ಗೋಡೆಯಾದ್ರೆ ಕಟ್ಟಿದವನನ್ನ ಕರೆಸಿ ಕೇಳಬೇಕು" ಎಂದು ಅವಳು ನಕ್ಕಳು.

ಕಟ್ಟಿದವರು ಕರಣೆ ಮಾವನೇ. ಅದು ಸಭೆಗೆಲ್ಲ ಗೊತ್ತಿದ್ದ ವಿಷಯ. ಮೂವತ್ತೆರಡು ವರ್ಷದ ಕೆಳಗೆ ಹಳೆಯ ಹಿಂಬದಿ ಗೋಡೆ ತೆಗೆದು ಹೊಸದು ಕಟ್ಟಿಸಿದ್ದರು. ಅದು ತಮ್ಮ ಕೈಯ ಮೊದಲ ಗೋಡೆ ಎಂದು ಅವರು ಎಷ್ಟೋ ಸಲ ಹೇಳಿಕೊಂಡಿದ್ದರು.

ಹನ್ನೊಂದನೆಯ ದಿನ ಶನಿವಾರ. ಮಧ್ಯಾಹ್ನ ಬೆಂಚಕ್ಕ ಅವರ ಮನೆಯ ಬಾಗಿಲಲ್ಲಿ ನಿಂತು ಕೂಗಿದಳು.

"ಮಾವ, ನಿನ್ನ ಗೋಡೆ ಕನ್ನಡಕ ಒಡಕೊಂಡಿದೆ. ಕೆಳಗಿನದು."

ಕರಣೆ ಮಾವ ಊಟ ಮಾಡುತ್ತಿದ್ದರು. ಕೈ ತಟ್ಟೆಯ ಮೇಲೆ ನಿಂತಿತು. "ನೀನೇನಾದ್ರೂ ತಾಗಿಸಿದೆಯಾ?"

"ಅಯ್ಯೋ, ನಾನು ಆ ಕಡೆ ಪೊರಕೇನೂ ಹಾಕಿಲ್ಲ. ಹೋಗಿ ನೋಡಿದ್ರೆ ಎರಡು ತುಂಡು. ಒಂದು ಕೆಳಗೆ ಬಿದ್ದಿತ್ತು. ನಾಳೆ ಮಕ್ಕಳು ಬರಿಗಾಲಲ್ಲಿ ಓಡಾಡ್ತವೆ ಅಂತ ಎರಡನ್ನೂ ಎತ್ತಿಟ್ಟೆ. ಒಡೆದ್ರೆ ಏನಾದ್ರೂ ಆಗುತ್ತಾ ಮಾವ?"

"ಏನಾಗುತ್ತೆ? ಕಿಟಕಿಯಿಂದ ಹಕ್ಕಿ ಬಂದು ಬಡಿದಿರಬೇಕು. ಬೇರೆ ಇಡ್ತೀನಿ, ಹೋಗು."

"ಹಕ್ಕಿಗೂ ಕಣ್ಣು ಮಂದ ಆಗಿದೆ ಅನ್ನು" ಎಂದು ಅವಳು ಹೋದಳು.

ಕರಣೆ ಮಾವ ತಟ್ಟೆಯಲ್ಲೇ ಕೈ ತೊಳೆದರು. ಹಾಗೆ ಅವರು ಎಂದೂ ಮಾಡಿದವರಲ್ಲ. ಹೆಂಡತಿ ಕೇಳಿದ್ದಕ್ಕೆ ಹೊಟ್ಟೆ ತುಂಬಿತು ಎಂದರು. ಅಂದು ಸಂಜೆ ಎಣ್ಣೆ ಹಚ್ಚುವಾಗ ಅವರು ಮಾತಾಡಲಿಲ್ಲ.

ನೆಲದ ಹತ್ತಿರದ ಗಾಜಿಗೆ ಹಕ್ಕಿ ಬಡಿಯುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೋಡೆ ಯಾಕೆ ಸರಿಯುತ್ತಿದೆ ಎಂದೂ ಗೊತ್ತಿತ್ತು. ಚರಂಡಿ ನೆಪ ಮಾತ್ರ. ಮೂವತ್ತೆರಡು ವರ್ಷದ ಹಿಂದೆ ಆ ಕೆಲಸ ಹಿಡಿದಿದ್ದ ಮುದುಕ ಮೇಸ್ತ್ರಿ, ಪಾಯ ಅಗೆಯುವ ಹೊತ್ತಿಗೆ ಜ್ವರ ಬಂದು ಮಲಗಿದ. ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು, ಎದೆಯಾಳ ಆದರೂ ಸರಿ ಎಂದು ಹೇಳಿ ಕೆಲಸವನ್ನು ಇವರಿಗೆ ಒಪ್ಪಿಸಿದ. ಸೊಂಟದಾಳಕ್ಕೆ ನೀರು ಬಂತು. ಬಗೆದಷ್ಟೂ ನೀರು, ಕೆಸರು. ಮೇಸ್ತ್ರಿ ಏಳುವುದರೊಳಗೆ ಗೋಡೆ ಎಬ್ಬಿಸಿ ತೋರಿಸಬೇಕೆಂಬ ಹಟ ಇಪ್ಪತ್ತೆರಡು ವರ್ಷದ ಹುಡುಗನಿಗೆ. ಹಳೆಯ ಗೋಡೆಯ ಇಟ್ಟಿಗೆ ಚೂರುಗಳನ್ನು ಕೆಸರಿಗೆ ಸುರಿದು, ತುಳಿದು, ಅದರ ಮೇಲೆ ಕಲ್ಲು ಇಟ್ಟರು. ಮೇಸ್ತ್ರಿ ಬಂದಾಗ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಅವನು ಗೋಡೆ ನೆಟ್ಟಗಿದೆಯೇ ಎಂದು ಮೇಲಿನಿಂದ ನೂಲುಗುಂಡು ಇಳಿಬಿಟ್ಟು ನೋಡಿದ. ಗುಂಡು ಎಲ್ಲೂ ಗೋಡೆಗೆ ತಾಗಲಿಲ್ಲ, ಎಲ್ಲೂ ದೂರ ಸರಿಯಲಿಲ್ಲ. ಬೆನ್ನು ತಟ್ಟಿದ. ಅಂದಿನಿಂದ ಇವರೂ ಮೇಸ್ತ್ರಿ. ನೂಲುಗುಂಡು ನೆಲದ ಮೇಲಿನದನ್ನಷ್ಟೇ ಅಳೆಯುತ್ತದೆ.

ಈಗ ಪಾಯ ಅಗೆದರೆ ಆ ಚೂರುಗಳು ಹೊರಗೆ ಬರುತ್ತವೆ. ಅದನ್ನು ಕಂಡ ಯಾವ ಗಾರೆಯವನಾದರೂ ಇದಕ್ಕೆ ಪಾಯವೇ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಬಲ್ಲ. ಗೋಡೆ ತಟ್ಟಿ ಊರಿನ ಗೋಡೆಗಳಿಗೆಲ್ಲ ತೀರ್ಪು ಕೊಟ್ಟುಕೊಂಡು ಬಂದವರು ಆ ಒಂದು ಮಾತನ್ನು ಕೇಳಲಾರದೆ ಹೋದರು.

ಸೋಮವಾರ ಅವರು ಕೆಳಗೆ ಬೇರೆ ಗಾಜು ಇಟ್ಟರು. ಈ ಸಲ ಹಳೆಯ ಕಿಟಕಿಯೊಂದರ ದಪ್ಪ ಗಾಜು. ಕಸುಬು ಗೊತ್ತಿಲ್ಲದವರ ಕಣ್ಣಿಗೆ ಎರಡೂ ಒಂದೇ. ದಪ್ಪ ಗಾಜು ಗೋಡೆ ಸರಿದರೆ ಒಡೆಯುವುದಿಲ್ಲ. ಗಾರೆಯ ಹಿಡಿತ ಬಿಡಿಸಿಕೊಂಡು ಸುಮ್ಮನೆ ಇರುತ್ತದೆ. ಕರಣೆ ಮಾವನಂಥವರು ಗೊತ್ತಿದ್ದೇ ಮಾಡಬೇಕು ಆ ತಪ್ಪನ್ನು.

ಮೂವತ್ತನೆಯ ದಿನ ಯಜಮಾನರು ಬಂದು ಬಗ್ಗಿ ನೋಡಿದರು. "ಗಾಜು ಹೇಗಿದೆಯಯ್ಯಾ?"

"ಮೂರೂ ಹಾಗೇ ಇದೆ."

"ನಾನು ಹೇಳಲಿಲ್ವಾ? ಸುಮ್ಮನೆ ಒಂದು ತಿಂಗಳು ಕಾಯಿಸಿದೆ."

ಅವರು ಹೋದ ಮೇಲೆ ಕರಣೆ ಮಾವ ಗಾಜು ಬಿಡಿಸಲು ಕೂತರು. ಮೇಲಿನ ಎರಡನ್ನು ಉಳಿಯಿಂದ ಎಬ್ಬಿಸಬೇಕಾಯಿತು. ಕೆಳಗಿನದು ಕೈ ಇಟ್ಟೊಡನೆ, ಒಣಗಿದ ಗಾಯದ ಹಕ್ಕಳೆ ಏಳುವ ಹಾಗೆ, ಒಂದು ತುದಿಯಿಂದ ಎದ್ದು ಬಂತು. ಅದನ್ನು ಜೇಬಿಗೆ ಹಾಕಿಕೊಂಡು ಗಾರೆ ಕಲಸಲು ಹೋದರು. ಐದು ದಿನದಲ್ಲಿ ಬಿರುಕು ಮುಚ್ಚಿ, ಮೂರು ಕೈ ಸುಣ್ಣ ಬಿದ್ದು, ಗೋಡೆ ಬೆಳ್ಳಗೆ ನಿಂತಿತು. ಅಷ್ಟು ನುಣುಪಾದ ಕೆಲಸ ಅವರು ಬೇರೆಲ್ಲೂ ಮಾಡಿರಲಿಲ್ಲ ಎಂದು ನೋಡಿದವರೆಲ್ಲ ಹೇಳಿದರು.

ನಮ್ಮ ಸಭೆಯಲ್ಲಿ ಭಾನುವಾರ ಪವಿತ್ರ ಗ್ರಂಥದ ಪಾಠ ಓದುವ ಸರದಿ ಮನೆಯಿಂದ ಮನೆಗೆ ಹೋಗುತ್ತದೆ. ಸರದಿ ಬಂದವರು ಅದಕ್ಕೆ ಮುಂಚೆ ಆ ವಾರವೆಲ್ಲ ದಿನಕ್ಕೊಮ್ಮೆ ಮನೆಯಲ್ಲಿ ಗಟ್ಟಿಯಾಗಿ ಓದಿ ಬಾಯಿಗೆ ಹಿಡಿಸಿಕೊಳ್ಳಬೇಕು. ಐವತ್ತರ ಆರಾಧನೆಯ ದಿನ ಸರದಿ ಕರಣೆ ಮಾವನ ಮಗಳಿಗೆ ಬಂದಿತ್ತು. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ, ಒಳ್ಳೆಯ ಕಂಠ. ಯಾವ ಭಾನುವಾರ ಯಾವ ಪಾಠವೆಂದು ಮೊದಲೇ ಗೊತ್ತುಮಾಡಿದ ಪಟ್ಟಿಯಲ್ಲಿ ಆ ದಿನಕ್ಕೆ ಬಿದ್ದದ್ದು ಸೆರೆಯಾಳಾಗಿ ಪರದೇಶಕ್ಕೆ ಹೋದ ಪ್ರವಾದಿಯೊಬ್ಬನ ಮಾತು. ಯಜಮಾನರಿಗೆ ಅದು ಹಿಡಿಸಲಿಲ್ಲ. ಸಂತೋಷದ ದಿನಕ್ಕೆ ಸಂತೋಷದ್ದೇ ಏನಾದರೂ ಓದಿಸಿ ಎಂದು ಕೇಳಿದರು. ಪಟ್ಟಿ ನಾವು ಮಾಡಿದ್ದಲ್ಲ, ಬದಲಾಯಿಸೋಕೆ ಆಗಲ್ಲ ಎಂದರು ಅಯ್ಯನವರು.

ಸೋಮವಾರ ಬೆಳಿಗ್ಗೆ ಮಗಳು ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು, ಪವಿತ್ರ ಗ್ರಂಥ ಎತ್ತಿ ಹಿಡಿದು ನಿಂತಳು. ಕರಣೆ ಮಾವ ಕಿಟಕಿಗೆ ಕನ್ನಡಿ ಆನಿಸಿಕೊಂಡು ಗಡ್ಡ ಹೆರೆಯುತ್ತಿದ್ದರು.

"ಅಪ್ಪ, ನಿಮ್ಮ ಕಸುಬಿನ ಮಾತು ಬಂದಿದೆ. ಕೇಳಿ."

ಅವಳು ಓದಿದಳು. ಜನ ದುರ್ಬಲವಾದ ಗೋಡೆಯೊಂದನ್ನು ಎಬ್ಬಿಸುತ್ತಾರೆ. ಎಲ್ಲ ಕ್ಷೇಮವೆಂದು ಹೇಳುತ್ತ ಕೆಲವರು ಬಂದು ಅದಕ್ಕೆ ಸುಣ್ಣ ಬಳಿಯುತ್ತಾರೆ. ಅಂಥವರಿಗೆ ಹೇಳು ಎಂದು ದೇವರು ಪ್ರವಾದಿಗೆ ಅಪ್ಪಣೆ ಕೊಡುತ್ತಾನೆ. ಮಳೆ ಕಳಿಸುತ್ತೇನೆ, ಬಿರುಗಾಳಿ ಬಿಡುತ್ತೇನೆ, ಆಲಿಕಲ್ಲು ಸುರಿಸುತ್ತೇನೆ. ಗೋಡೆ ಬೀಳುತ್ತದೆ, ಅದರ ಅಡಿಪಾಯ ಬಯಲಾಗುತ್ತದೆ. ನೀವು ಬಳಿದ ಸುಣ್ಣವೆಲ್ಲಿ ಎಂದು ಜನ ನಿಮ್ಮನ್ನು ಕೇಳುತ್ತಾರೆ.

ಕರಣೆ ಮಾವನ ಕೆನ್ನೆಯ ಮೇಲೆ ನೊರೆ ಒಣಗಿತು.

"ಇದು ಯಾರಿಗೆ ಹೇಳಿದ್ದು?"

"ಸುಳ್ಳು ಪ್ರವಾದಿಗಳಿಗಪ್ಪ. ಗೋಡೆ ಅನ್ನೋದು ಹೋಲಿಕೆ ಅಷ್ಟೇ. ನಿಜವಾದ ಗೋಡೆಯಲ್ಲ."

"ನಿಜವಾದ್ದಲ್ಲ."

"ಅಲ್ಲ. ಓದಿದ್ದು ಸ್ಪಷ್ಟವಾಗಿತ್ತಾ?"

"ಇತ್ತು."

ದೇವರ ತೀರ್ಪಿನ ಬಗ್ಗೆ ಅವರು ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದರು. ತುತ್ತೂರಿ ಊದುತ್ತದೆ, ಆಕಾಶ ಸುರುಳಿ ಸುತ್ತಿಕೊಳ್ಳುತ್ತದೆ, ಸತ್ತವರೆಲ್ಲ ಏಳುತ್ತಾರೆ. ಅಂಥ ದಿನ ಬಂದರೂ ಅಷ್ಟು ದೊಡ್ಡ ಗುಂಪಿನಲ್ಲಿ ತಾನೊಬ್ಬ, ಎಲ್ಲೋ ಹಿಂದಿನ ಸಾಲಿನಲ್ಲಿ, ಎಂದುಕೊಂಡಿದ್ದರು. ನಕ್ಷತ್ರಗಳನ್ನು ಎಣಿಸಿಟ್ಟವನು ಬಗ್ಗಿ, ಓಣಿಯ ಪಕ್ಕದ ಸೊಂಟದಾಳದ ಗುಂಡಿಯೊಳಗೆ ನೋಡುತ್ತಾನೆಂದು ಅವರು ನೆನೆಸಿರಲಿಲ್ಲ. ಸಾವಿರಾರು ವರ್ಷದ ಹಿಂದೆ, ಯಾವುದೋ ನದಿಯ ದಡದಲ್ಲಿ ಪ್ರವಾದಿಯ ಬಾಯಲ್ಲಿ ಆ ಮಾತು ಇಟ್ಟಾಗಲೇ ದೇವರಿಗೆ ಆ ಇಟ್ಟಿಗೆ ಚೂರು ಕಂಡಿತ್ತು ಎನ್ನಿಸಿತು. ಅವರು ಅರ್ಧ ಗಡ್ಡ ಹಾಗೇ ಬಿಟ್ಟು ಮುಖ ತೊಳೆದುಕೊಂಡರು. ಆ ದಿನ ಹಾಗೇ ಕೆಲಸಕ್ಕೆ ಹೋದರು ಎಂದು ಹೆಂಡತಿ ಹೇಳುತ್ತಾರೆ.

ಮಂಗಳವಾರ ಮತ್ತೆ ಓದಿದಳು. ಅವರು ಕೆಲಸ ಬಿಟ್ಟು ಗಡಿಯಾರದಂಗಡಿಗೆ ಹೋದರು. ಯಜಮಾನರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರ ಬಿಚ್ಚಿ ಹರಡಿಕೊಂಡಿದ್ದರು. ಗೋಡೆಯ ತುಂಬ ಗಡಿಯಾರಗಳು, ಒಂದರ ಮೇಲೊಂದು ಟಿಕ್ ಟಿಕ್.

"ಬಾ ಬಾ. ಮುನ್ನೂರು ಜನ ಬರ್ತಾರೆ ಅಂತ ಅಂದಾಜು. ಬೆಂಚು ಸಾಲಲ್ಲ. ಹೆಂಗಸರನ್ನ ಗೋಡೆಗೆ ಇನ್ನೂ ಒತ್ತಿ ಕೂರಿಸಬೇಕು. ಏನು ಬಂದಿದ್ದು?"

"ಗೋಡೆ…"

"ಚೆನ್ನಾಗಿ ಬಂದಿದೆ ಕಣಯ್ಯ. ಅಯ್ಯನವರು ನಿನ್ನ ವೇದಿಕೆಗೆ ಕರೆದು ಎಲ್ಲರ ಮುಂದೆ ನಿನ್ನ ಹೆಸರು ಹೇಳ್ತಾರೆ. ನಾನೇ ಹೇಳಿದ್ದೀನಿ."

ಕರಣೆ ಮಾವ ಮನೆಗೆ ಬಂದರು. ಬುಧವಾರ ಮಗಳು ಪುಸ್ತಕ ತೆಗೆಯುವ ಮೊದಲೇ ಮನೆ ಬಿಟ್ಟು ಹೋಗಿ ಪ್ರಾರ್ಥನಾಲಯದ ಗೋಡೆ ತಟ್ಟಿದರು. ಮೇಲೆ ಗಟ್ಟಿ ಸದ್ದು, ನಡುವೆಯೂ ಗಟ್ಟಿ. ನೆಲದ ಹತ್ತಿರ ಮಂಡಿಯೂರಿ ತಟ್ಟಿದಾಗ ಸದ್ದೇ ಬರಲಿಲ್ಲ. ಒದ್ದೆ ಮೂಟೆಯನ್ನು ತಟ್ಟಿದ ಹಾಗಿತ್ತು. ಗುರುವಾರದಿಂದ ಮಳೆ ಹಿಡಿಯಿತು. ಚರಂಡಿ ತುಂಬಿ ಓಣಿಯಲ್ಲಿ ನೀರು ನಿಂತಿತು.

ಶುಕ್ರವಾರ ಅವರು ನಿರ್ಧಾರ ಮಾಡಿದರು. ಭಾನುವಾರ ಆರಾಧನೆಗೆ ಮೊದಲು, ಜನ ಒಳಗೆ ಹೋಗುವ ಮುಂಚೆ, ಬಾಗಿಲಲ್ಲೇ ನಿಂತು ಹೇಳಿಬಿಡುವುದು. ಶನಿವಾರವೇ ಹೇಳಬಹುದಿತ್ತು. ಆದರೆ ಮಗಳು ವಾರವೆಲ್ಲ ಪಾಠ ಕಲಿತು, ಹೊಸ ಸೀರೆ ಇಸ್ತ್ರಿ ಮಾಡಿಸಿ ಇಟ್ಟಿದ್ದಳು. ಒಂದು ದಿನವಾದರೂ ಅವಳು ಸಂತೋಷವಾಗಿರಲಿ ಎಂದುಕೊಂಡರಂತೆ. ಆ ಒಂದು ದಿನದ ವಿಷಯ ಅವರು ಆಮೇಲೆ ತಮ್ಮ ಹೆಂಡತಿಯ ಹತ್ತಿರ ಎಷ್ಟೋ ಸಲ ಎತ್ತಿದ್ದಾರೆ. ಮಗಳ ಸಂತೋಷಕ್ಕಲ್ಲ, ತನಗಿನ್ನೊಂದು ದಿನ ಮೇಸ್ತ್ರಿಯಾಗಿ ಇರಬೇಕಿತ್ತು ಎಂದಿದ್ದಾರೆ.

ಶನಿವಾರ ಹನ್ನೊಂದು ಗಂಟೆಗೆ ಗೋಡೆ ಬಿತ್ತು.

ಮುನ್ನೂರು ಜನರಿಗಾಗಿ ಬೆಂಚುಗಳನ್ನು ಗೋಡೆಗೆ ಒತ್ತಿ ಜೋಡಿಸಿ, ಬೆಂಚಕ್ಕ ಅವನ್ನು ಒರೆಸುತ್ತಿದ್ದಳು. ಗೋಡೆ ಒಳಮುಖವಾಗಿ, ಒಡೆದು ಚೂರಾಗದೆ ಒಂದೇ ಹಲಗೆಯ ಹಾಗೆ ಮಲಗಿತು ಎಂದು ಎದುರು ಮನೆಯವರು ಹೇಳಿದರು. ಅವಳನ್ನು ತೆಗೆಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಇಟ್ಟಿಗೆ ಎತ್ತಿದವರಲ್ಲಿ ಕರಣೆ ಮಾವನೇ ಮೊದಲಿಗರು. ಉಗುರು ಕಿತ್ತು ಬಂದರೂ ನಿಲ್ಲಿಸಲಿಲ್ಲ. ಅವಳ ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು. ದರ್ಜಿ ಅಳತೆಯ ಟೇಪು ಕೊರಳಲ್ಲಿ ಹಾಕಿಕೊಂಡೇ ಓಡಿ ಬಂದಿದ್ದ.

ಬೀದಿಯಲ್ಲಿ ಜನ ಸೇರಿದರು. ಯಜಮಾನರು ಮಳೆಯಲ್ಲಿ ಛತ್ರಿಯಿಲ್ಲದೆ ನಿಂತು ಅಳುತ್ತಿದ್ದರು. "ನಾಳೆ ಬಿದ್ದಿದ್ರೆ ಮುನ್ನೂರು ಜನ. ದೇವರು ನಮ್ಮನ್ನ ಉಳಿಸಿದ" ಎಂದರು. ಹೌದು ಹೌದು ಎಂದರು ಸುತ್ತ ನಿಂತವರು.

ದರ್ಜಿ ತಲೆಯೆತ್ತಿ ಕೇಳಿದ: "ಹಾಗಾದ್ರೆ ಇವಳನ್ನ?"

ಕರಣೆ ಮಾವ ಗೋಡೆಯಿದ್ದ ಜಾಗ ನೋಡುತ್ತಿದ್ದರು. ಮಣ್ಣು ಕೊಚ್ಚಿಹೋಗಿ ಪಾಯ ತೆರೆದುಕೊಂಡಿತ್ತು. ಮೂವತ್ತೆರಡು ವರ್ಷದ ಕೆಸರಿನಲ್ಲಿ ಇಟ್ಟಿಗೆ ಚೂರುಗಳು ಇನ್ನೂ ಕೆಂಪಗೆ, ಆಗತಾನೇ ಸುರಿದಂತೆ ಇದ್ದವು. ಅಷ್ಟು ಜನ ಅದನ್ನು ದಾಟಿಕೊಂಡೇ ಓಡಾಡಿದರು. ಗುರುತು ಹಿಡಿಯುವ ಕಣ್ಣು ಒಂದೇ ಇತ್ತು. ಅವರು ಅಲ್ಲೇ ನೀರಿನಲ್ಲಿ ಕುಕ್ಕರಿಸಿದರು. ಸುಸ್ತಾಗಿದೆ ಎಂದು ಯಾರೋ ಹಿಡಿದು ಎಬ್ಬಿಸಿದರು.

ಅವರನ್ನು ಯಾರೂ ಸಂಶಯಿಸಲಿಲ್ಲ. ಗೋಡೆಯ ಬುಡಕ್ಕೆ ಚರಂಡಿ ತೋಡಿದವರ ಮೇಲೆ ಪೊಲೀಸರಿಗೆ ದೂರು ಹೋಯಿತು. ಇಬ್ಬರು ಬಂದು ಅಳತೆ ತೆಗೆದುಕೊಂಡು ಹೋದರು. ಯಜಮಾನರು ಕರಣೆ ಮಾವನ ಮನೆಗೇ ಬಂದು ಧೈರ್ಯ ಹೇಳಿದರು. "ನೀನು ಒಂದು ತಿಂಗಳು ಗಾಜಿಟ್ಟು ನೋಡಿದವನು. ನಿನಗಿಂತ ಎಚ್ಚರಿಕೆ ಯಾರು ತಗೊಳ್ತಾರೆ? ಕೇಳಿದ್ರೆ ಅಷ್ಟೇ ಹೇಳು."

ಬೆಂಚಕ್ಕನ ಮಣ್ಣಾದ ಒಂಬತ್ತನೆಯ ದಿನ ದರ್ಜಿ ಬಂದ. ಕೈಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ. ಪ್ರಾರ್ಥನಾಲಯದ ಕಪಾಟಿನಲ್ಲಿ ಅವಳು ಒರೆಸುವ ಬಟ್ಟೆ, ಸಾಬೂನು ಇಟ್ಟುಕೊಳ್ಳುತ್ತಿದ್ದ ಡಬ್ಬಿ ಅದು.

"ಅವಳ ಸಾಮಾನು ಕೊಟ್ರು ಮಾವ. ಇದರೊಳಗೆ ಕಾಗದದಲ್ಲಿ ಸುತ್ತಿ ಗಾಜಿನ ತುಂಡು ಇಟ್ಟಿದಾಳೆ. ನಿನ್ನ ಗಾಜಲ್ವಾ? ಯಾಕೆ ಎತ್ತಿಟ್ಟಿದ್ಲು?"

ಎರಡು ತುಂಡು. ಎರಡರ ತುದಿಯಲ್ಲೂ ಗಾರೆ ಹಿಡಿದಿತ್ತು. ಒಡೆದ ಅಂಚುಗಳನ್ನು ಜೋಡಿಸಿದರೆ ಒಂದಕ್ಕೊಂದು ಸರಿಯಾಗಿ ಕೂರುತ್ತಿದ್ದವು.

"ಹಳೇ ಫೋಟೋದ ಗಾಜು" ಎಂದರು ಕರಣೆ ಮಾವ. ಅದು ಸುಳ್ಳಲ್ಲ.

"ಫೋಟೋದ್ದಾ. ಅವಳೊಬ್ಬಳು, ಏನು ಸಿಕ್ಕಿದ್ರೂ ಎತ್ತಿಡೋಳು" ಎಂದು ದರ್ಜಿ ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದ. ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ಅವನಿಂದ ಆಗುತ್ತಿರಲಿಲ್ಲ.

ಕರಣೆ ಮಾವ ಡಬ್ಬಿಯನ್ನು ಮಂಚದ ಕೆಳಗೆ ಇಟ್ಟರು. ಆಮೇಲೆ ಅಟ್ಟಕ್ಕೆ ಹಾಕಿದರು. ಮತ್ತೆ ಇಳಿಸಿ ತಂದರು. ಊರಿನ ಕೋರ್ಟು, ಪೊಲೀಸು, ಹಿರಿಯರು ಯಾರೂ ಇನ್ನು ತನ್ನ ಬಾಗಿಲಿಗೆ ಬರುವುದಿಲ್ಲ ಎಂದು ಅವರಿಗೆ ಖಚಿತವಾಗಿತ್ತು. ಅದೇ ಅವರನ್ನು ಹೆಚ್ಚು ಹೆದರಿಸಿತು. ಮನುಷ್ಯರು ಕೇಳದೆ ಬಿಟ್ಟದ್ದೆಲ್ಲ ಒಂದೇ ಕಡೆ ಹೋಗಿ ಸೇರುತ್ತದೆ.

ಗೋಡೆ ಬಿದ್ದ ಮೇಲಿನ ಮೂರನೆಯ ಭಾನುವಾರ, ಶಾಲೆಯೊಂದರ ಕೋಣೆ ಕೇಳಿ ಪಡೆದು ಆರಾಧನೆ ಇಟ್ಟರು. ಮಕ್ಕಳ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ್ದರು, ಕಪ್ಪುಹಲಗೆಯ ಮೇಲೆ ಯಾರೋ ಬಿಟ್ಟುಹೋದ ಲೆಕ್ಕ ಇತ್ತು. ಓದದೇ ಉಳಿದ ಸರದಿ ಮಗಳದೇ. ದುಃಖದಲ್ಲಿರುವವರಿಗೆ ಸಾಂತ್ವನದ ಮಾತು ಆರಿಸಿ ಕೊಟ್ಟಿದ್ದರು ಅಯ್ಯನವರು. ಈ ಸಲ ಪಟ್ಟಿಯ ಮಾತು ಅವರೂ ಎತ್ತಲಿಲ್ಲ.

ಮನೆಯಿಂದ ಹೊರಡುವಾಗ ಕರಣೆ ಮಾವ ಮಗಳನ್ನು ತಡೆದರು. "ಅವತ್ತಿಂದು ಓದು."

"ಅಪ್ಪ, ಬೆಂಚಕ್ಕನ ಗಂಡ ಎದುರಿಗೆ ಕೂತಿರ್ತಾರೆ. ಗೋಡೆ ಬೀಳೋ ಮಾತು ಹೇಗೆ ಓದಲಿ? ಕರುಣೆ ಬೇಡ್ವಾ?"

"ಓದಬೇಕಾಗಿದ್ದು ಅದು. ಓದಿಲ್ಲ ಅಂದ್ರೆ ಅದು ಹೋಗಲ್ಲಮ್ಮ. ನನಗೋಸ್ಕರ ಓದು."

ಅವಳು ಓದಿದಳು. ದನಿ ಎರಡು ಕಡೆ ನಿಂತಿತು. ಕೋಣೆಯಲ್ಲಿ ಸಣ್ಣಗೆ ಗುಜುಗುಜು ಎದ್ದಿತು. ಅಡಿಪಾಯ ಬಯಲಾಗುವ ಮಾತು ಬಂದಾಗ ಯಜಮಾನರು ಅಯ್ಯನವರ ಕಡೆ ನೋಡಿ ಕೈಸನ್ನೆ ಮಾಡಿದರು. ಅವಳು ಮುಗಿಸಿ ಪುಸ್ತಕ ಮುಚ್ಚುವಷ್ಟರಲ್ಲಿ ಕರಣೆ ಮಾವ ಎದ್ದು ನಿಂತಿದ್ದರು, ಕಂಕುಳಲ್ಲಿ ಡಬ್ಬಿ.

"ಈ ಮಾತು ಹೋಲಿಕೆಯಲ್ಲ" ಎಂದರು. "ಗಾಜು ಹನ್ನೊಂದನೇ ದಿನವೇ ಒಡೆದಿತ್ತು. ನಾನು ಮುಚ್ಚಿಟ್ಟೆ. ಕೆಳಗೆ ಪಾಯ ಇರಲಿಲ್ಲ. ಕೆಸರಿಗೆ ಇಟ್ಟಿಗೆ ಚೂರು ತುಂಬಿದ್ದೆ, ನಾನೇ. ಅಗೆದ್ರೆ ಗೊತ್ತಾಗುತ್ತೆ ಅಂತ ದಪ್ಪ ಗಾಜಿಟ್ಟು ಸುಣ್ಣ ಬಳಿದೆ."

"ಕೂತ್ಕೋ ಕಣಯ್ಯ, ನಿನಗೆ ಮೈ ಸರಿಯಿಲ್ಲ" ಎಂದರು ಯಜಮಾನರು.

ಕರಣೆ ಮಾವ ಕೂರಲಿಲ್ಲ. ಬೆಂಚುಗಳ ನಡುವೆ ನಡೆದು ದರ್ಜಿಯ ಮುಂದೆ ನಿಂತು ಡಬ್ಬಿ ಚಾಚಿದರು. ದರ್ಜಿ ಅದನ್ನು ತೆಗೆದುಕೊಳ್ಳಲಿಲ್ಲ. ಕೂತಲ್ಲಿಂದಲೇ ಕೇಳಿದ.

"ಒಡೆದಿದೆ ಅಂತ ಅವಳು ನಿನಗೆ ಹೇಳಿದ್ಲಾ?"

"ಹೇಳಿದ್ಲು."

"ನೀನೇನಂದೆ?"

"ಹಕ್ಕಿ ಬಡಿದಿರಬೇಕು ಅಂದೆ."

"ನಂಬಿದ್ಲಾ?"

"ನಂಬಿದ್ಲು. ನಕ್ಕೊಂಡು ಹೋದ್ಲು."

ದರ್ಜಿ ತನ್ನ ಕೈಗಳನ್ನು ನೋಡಿಕೊಂಡ. ಹೊಲಿಗೆಯ ಸೂಜಿ ಚುಚ್ಚಿ ಚುಚ್ಚಿ ಬೆರಳತುದಿಗಳು ಒರಟಾಗಿದ್ದವು. "ನಾನು ನಿನಗೆ ಏನೂ ಮಾಡಲ್ಲ ಮಾವ" ಎಂದ. "ಏನಾದ್ರೂ ಮಾಡಿದ್ರೆ ಇಲ್ಲಿಗೆ ಮುಗಿದುಹೋಗುತ್ತೆ. ಕ್ಷಮಿಸು ಅಂತಲೂ ಕೇಳಬೇಡ. ಅವಳು ಎದ್ದು ಬರೋ ದಿನ ಒಂದಿದೆಯಲ್ಲ. ಅವಳೇ ಕೇಳಲಿ."

ಕರಣೆ ಮಾವನ ಹೆಂಡತಿ ಆ ಮಾತುಗಳನ್ನೆಲ್ಲ ಮೊದಲ ಸಲ ಕೇಳಿದ್ದು ಅಲ್ಲೇ, ಎಲ್ಲರ ಜೊತೆ. "ಇಪ್ಪತ್ತೆಂಟು ವರ್ಷ ಆ ಕೈಗೆ ಎಣ್ಣೆ ಹಚ್ಚಿದೀನಿ" ಎಂದು ನನ್ನ ಹತ್ತಿರ ಅಂದರು.

ಸೋಮವಾರ ಕರಣೆ ಮಾವ ತಾವೇ ಪೊಲೀಸ್ ಠಾಣೆಗೆ ನಡೆದು ಹೋದರು. ಚರಂಡಿಯ ದೂರು ಆಗಲೇ ಬರೆದಾಗಿದೆ, ನೀವು ಯಾಕೆ ಮೈಮೇಲೆ ಎಳೆದುಕೊಳ್ತೀರಿ ಎಂದರಂತೆ ಅಲ್ಲಿದ್ದವರು. ಎರಡು ಸಲ ವಾಪಸು ಕಳಿಸಿದರು. ಮೂರನೆಯ ಸಲ ಬರೆದುಕೊಂಡರು. ಡಬ್ಬಿ ಸಾಕ್ಷಿಯಾಗಿ ಕೋರ್ಟಿಗೆ ಹೋಯಿತು. ಒಂದೂವರೆ ವರ್ಷ ಸೆರೆಯಾಯಿತು. ಮಗಳು ಅಷ್ಟರಲ್ಲಿ ಬೇರೆ ಊರಿನ ಔಷಧಿ ಅಂಗಡಿಗೆ ಸೇರಿದಳು. ಕಾಗದ ಬರೆಯುತ್ತಾಳೆ, ಅಮ್ಮನಿಗೆ.

ಸೆರೆಯಿಂದ ಬಿಡುಗಡೆಯಾಗಿ ಬಂದ ಮೇಲೆ ಅವರು ಕರಣೆ ಹಿಡಿಯಲಿಲ್ಲ. ಮರದ ಡಿಪೋ ಒಂದರಲ್ಲಿ ಕಾವಲು ಕೂರುತ್ತಾರೆ. ಗೋಡೆ ತಟ್ಟುವುದಿಲ್ಲ. ಎದೆಯಾಳಕ್ಕೆ ಅಗೆದು ಬೇರೆ ಯಾರೋ ಕಟ್ಟಿದ ಹೊಸ ಗೋಡೆಯ ಪ್ರಾರ್ಥನಾಲಯಕ್ಕೆ ಪ್ರತಿ ಭಾನುವಾರ ಬರುತ್ತಾರೆ. ಗೋಡೆಗೆ ಒತ್ತಿದ ಕೊನೆಯ ಬೆಂಚಿನಲ್ಲಿ, ಬೆಂಚಕ್ಕನ ದೇಹ ಸಿಕ್ಕ ಜಾಗದಲ್ಲೇ ಕೂರುತ್ತಾರೆ. ಒಮ್ಮೆ ಶನಿವಾರ ಬೆಂಚು ಒರೆಸಲು ಬಟ್ಟೆ ತೆಗೆದುಕೊಂಡಿದ್ದರಂತೆ. ದರ್ಜಿ ಬಂದು ಕೈಯಿಂದ ಕಿತ್ತುಕೊಂಡ. "ಅದನ್ನ ಮುಟ್ಟಬೇಡ" ಎಂದ. ಈಗ ಅವನೇ ಒರೆಸುತ್ತಾನೆ.

ಪಾಠಗಳ ಪಟ್ಟಿ ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. ಹೋದ ತಿಂಗಳು ಆ ಭಾನುವಾರ ಬಂತು. ಸರದಿ ಬಂದ ಮನೆಯವರು ನಮ್ಮಿಂದಾಗಲ್ಲ ಎಂದರು. ಅದರ ನಂತರದ ಮನೆಯವರೂ ಹಾಗೇ ಅಂದರು. ಅಯ್ಯನವರು ಪುಸ್ತಕ ಕೈಯಲ್ಲಿ ಹಿಡಿದು ನಿಂತಿದ್ದರು. ಆಗ ದರ್ಜಿ ಎದ್ದು ಮುಂದೆ ಹೋದ. ಅವನಿಗೆ ಓದು ಅಷ್ಟು ಬಾರದು. ಬಟ್ಟೆಯ ಅಂಚು ಹಿಡಿದು ಹೊಲಿಯುವ ಹಾಗೆ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಎಲ್ಲೂ 'ಸುಣ್ಣ' ಎಂಬ ಮಾತಿಗೆ ದನಿ ಏರಿಸಲಿಲ್ಲ. ಯಾರ ಕಡೆಗೂ ನೋಡಲಿಲ್ಲ.

ಮೊದಲ ಸಾಲಿಗೇ ಕರಣೆ ಮಾವ ಎದ್ದು ನಿಂತಿದ್ದರು, ಎರಡು ಕೈಯನ್ನೂ ಕೆಳಗೆ ಬಿಟ್ಟು, ಕಟಕಟೆಯಲ್ಲಿ ನಿಂತ ಹಾಗೆ. ದರ್ಜಿ ಓದಿ ಮುಗಿಸಿ ತನ್ನ ಜಾಗಕ್ಕೆ ಬಂದು ಕೂತ. ಸ್ತುತಿಗೀತೆ ಶುರುವಾಗಿ ಎಲ್ಲರೂ ಎದ್ದರು, ಗೀತೆ ಮುಗಿದು ಎಲ್ಲರೂ ಕೂತರು. ಕರಣೆ ಮಾವ ನಿಂತೇ ಇದ್ದರು. ಕೂತ್ಕೋ ಎಂದು ಅವರಿಗೆ ಯಾರೂ ಹೇಳಲಿಲ್ಲ.